ಒಳಗೆ ಉಳಿದ ಬೆರಳು

ನನ್ನ ಗಂಡ ಬರೆಯುತ್ತಿದ್ದ ಡ್ರೈವರ್ ಮುಗಿಯಲು ಒಂದೇ ಪರೀಕ್ಷೆ ಬಾಕಿ ಇತ್ತು. ಆ ಪರೀಕ್ಷೆ ಮಾಡಿದರೆ ಅವನ ಬೆರಳಚ್ಚು ಅಳಿಸಿಹೋಗುತ್ತಿತ್ತು. ಅವನು ತೀರಿಹೋಗಿ ಆಗ ಒಂದು ಬೇಸಿಗೆ ಪೂರ್ತಿ ಕಳೆದಿತ್ತು.

ಡ್ರೈವರ್ ಎಂದರೆ ಕಂಪ್ಯೂಟರಿಗೂ ಅದರ ಬಿಡಿಭಾಗಕ್ಕೂ ನಡುವೆ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ತಿಳಿಸುವ ತಂತ್ರಾಂಶ. ಅವನು ಬರೆಯುತ್ತಿದ್ದದ್ದು ಬೆರಳು ಇಟ್ಟರೆ ಕಂಪ್ಯೂಟರ್ ತೆರೆಯುವ ಒಂದು ಸೆನ್ಸರಿಗೆ. ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶದಲ್ಲಿ ಆ ಸೆನ್ಸರ್ ಮೊದಲಿಂದಲೂ ಕೆಲಸ ಮಾಡುತ್ತಿತ್ತು. ನಾವು ಬಳಸುವುದು ಮುಕ್ತ ತಂತ್ರಾಂಶ. ಬೇರೆ ಬೇರೆ ಊರುಗಳಲ್ಲಿ ಕೂತ ಜನ ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಹೊರಗಿಟ್ಟದ್ದು. ಅದರಲ್ಲಿ ಆ ಸೆನ್ಸರ್ ಬರೀ ಕಪ್ಪು ಗಾಜಿನ ಚೂರು. ಕೇಳೋಣವೆಂದರೆ ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿಕೊಂಡಿತ್ತು.

ಹಗಲು ಅವನು ನಗರದ ನೀರು ಸರಬರಾಜು ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿನ ಕೌಂಟರುಗಳಲ್ಲಿ ಇದ್ದದ್ದು ಆ ಸೆನ್ಸರಿನ ಯಂತ್ರಗಳೇ, ಇದೇ ಮುಕ್ತ ತಂತ್ರಾಂಶ ಹಾಕಿದವು: ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಮೇಲ್ಗಡೆ ಒಂದು ಗುಂಡಿ, ಅದರ ಪಕ್ಕದಲ್ಲಿ ಸೆನ್ಸರ್. ಗ್ರಂಥಾಲಯಗಳಲ್ಲೂ ಅವೇ, ಶಾಲೆಗಳಲ್ಲೂ ಅವೇ. ಪಾಸ್‌ವರ್ಡ್ ನೆನಪಿರುವುದಿಲ್ಲವೆಂದು ಗುಮಾಸ್ತರು ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸುತ್ತಿದ್ದರು. ಆ ಚೀಟಿಗಳನ್ನು ಕಂಡರೆ ಇವನಿಗೆ ಮೈ ಉರಿಯುತ್ತಿತ್ತು. ಸಂಜೆ ಮನೆಗೆ ಬಂದು ನನ್ನ ಮೇಲೆ ರೇಗುತ್ತಿದ್ದ, ನಾನೇ ಅಂಟಿಸಿ ಬಂದೆನೋ ಎಂಬಂತೆ. ಕೊನೆಗೆ ಮೂಲೆಗೆ ಹಾಕಿದ್ದ ಒಂದು ಯಂತ್ರವನ್ನು ಕಚೇರಿಯಿಂದ ಕೇಳಿ ಮನೆಗೆ ತಂದ.

ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಯಂತ್ರ ಎಷ್ಟು ಸಲ ಎಡವುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಪಾಲಿಗೆ ಬಂತು. ಲೆಕ್ಕಕ್ಕೆ ಬೆರಳುಗಳು ಬೇಕು. ಒಳಗೆ ದಾಖಲಾಗಿದ್ದದ್ದು ಅವನ ಬಲಗೈ ತೋರುಬೆರಳು ಮಾತ್ರ. ಬೇರೆಯವರ ಬೆರಳಿಗೆ ಯಂತ್ರ ತಪ್ಪದೆ ‘ಅಲ್ಲ’ ಎನ್ನುತ್ತದೆಯೇ ಎಂದು ನೋಡಲು ಅವನು ಮನೆಗೆ ಬಂದವರನ್ನೆಲ್ಲ ಹಿಡಿಯುತ್ತಿದ್ದ. ಅವನ ಚಿಕ್ಕಪ್ಪ ಒಮ್ಮೆ ಬಂದಾಗ, ಅವರು ಕುರ್ಚಿಯಲ್ಲಿ ಕೂರುವ ಮುಂಚೆಯೇ ಇವನು ಕೈ ಹಿಡಿದು ಎಳೆದುಕೊಂಡು ಹೋದ. ನೀರು ಕೇಳಿದರೆ ಬೆರಳು ಕೇಳುತ್ತಾರೆ, ಇದು ಮನೆಯೋ ಪೊಲೀಸ್ ಠಾಣೆಯೋ ಎಂದು ಅವರು ಆಮೇಲೆ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು.

ನಮ್ಮತ್ತೆಯ ಬೆರಳು ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅವರು ಬಟ್ಟೆ ಹೊಲಿಯುವವರು. ಸೂಜಿ, ಇಸ್ತ್ರಿಪೆಟ್ಟಿಗೆ, ಒರಟು ಬಟ್ಟೆ ಎಲ್ಲ ಸೇರಿ ಬೆರಳ ತುದಿ ನುಣ್ಣಗಾಗಿತ್ತು. ಸೆನ್ಸರ್ ಹೌದು ಅಲ್ಲ ಎರಡನ್ನೂ ಹೇಳಲಾರದೆ ‘ಮತ್ತೆ ಇಡಿ’ ಎನ್ನುತ್ತಿತ್ತು.

“ಅಮ್ಮ, ನಿನ್ನ ಬೆರಳಲ್ಲಿ ಗೆರೆಯೇ ಉಳಿದಿಲ್ಲವಲ್ಲ” ಎಂದ ಅವನು.

“ನಿನ್ನನ್ನ ಸಾಕಿದ ಬೆರಳು ಕಣೋ. ಇಷ್ಟಾದರೂ ಉಳಿದಿದೆಯಲ್ಲ, ಸಂತೋಷಪಡು.”

ಈ ಸೆನ್ಸರಿನ ಸ್ವಭಾವದ ಬಗ್ಗೆ ಒಂದು ಮಾತು. ಕೆಲವು ಸೆನ್ಸರುಗಳು ಬೆರಳಿನ ಚಿತ್ರ ತೆಗೆದು ಕಂಪ್ಯೂಟರಿಗೆ ಕೊಡುತ್ತವೆ. ಇದು ಹಾಗಲ್ಲ. ಬೆರಳಿನ ಗುರುತನ್ನು ತನ್ನ ಚಿಪ್ಪಿನೊಳಗೇ ಇಟ್ಟುಕೊಳ್ಳುತ್ತದೆ, ಯಾರಿಗೂ ತೋರಿಸುವುದಿಲ್ಲ. ಇನ್ನೊಂದು ಬೆರಳು ಬಂದಾಗ ಒಳಗೇ ಹೋಲಿಸಿ ನೋಡಿ ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತದೆ. ಕೇಳಿದರೆ ಒಳಗೆ ಯಾವ ಯಾವ ಬೆರಳುಗಳಿವೆ ಎಂದು ಹೆಸರು ಹೇಳುತ್ತದೆ. ಅಷ್ಟೇ. ಕಳ್ಳರು ಗುರುತು ಕದಿಯಬಾರದೆಂದು ಮಾಡಿದ ಏರ್ಪಾಡು. ಒಳ್ಳೆಯ ಏರ್ಪಾಡೇ.

ಅವನು ಹೋದದ್ದು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಬಸ್ಸಿಗೆ ಕಾಯುತ್ತಾ. ಹೃದಯ ಎಂದರು. ಆಸ್ಪತ್ರೆಯಲ್ಲಿ ನಾನು ಅವನ ಕೈ ಹಿಡಿದಾಗ ಅದು ಆಗಲೇ ತಣ್ಣಗಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಎಲ್ಲರೂ ಬಂದರು, ಎಲ್ಲರೂ ಹೋದರು. ಅವನ ಬಟ್ಟೆಗಳನ್ನು ಅತ್ತೆ ಮಡಿಸಿ ಮೇಲಿನ ಅಟ್ಟಣಿಗೆಗೆ ಹಾಕಿದರು. ಅವನ ಫೋನಿಗೆ ಪಾಸ್‌ವರ್ಡ್ ಗೊತ್ತಿತ್ತು, ತೆರೆದೆ, ಮುಚ್ಚಿದೆ. ಕಂಪ್ಯೂಟರ್ ಮೇಜಿನ ಮೇಲೆ ಅವನು ಬಿಟ್ಟ ಹಾಗೇ ಇತ್ತು.

ಒಂದು ದಿನ ಬೆಳಿಗ್ಗೆ ಅದನ್ನು ಹಚ್ಚಿ, ಸುಮ್ಮನೆ, ಒಳಗಿನ ಬೆರಳುಗಳನ್ನು ಹೇಳು ಎಂಬ ಆಜ್ಞೆ ಕೊಟ್ಟೆ. ಒಂದು ಸಾಲು ಬಂತು. ಬಲಗೈ, ತೋರುಬೆರಳು.

ಮಾರನೆಯ ದಿನವೂ ಕೇಳಿದೆ. ಮತ್ತೆ ಅದೇ ಸಾಲು. ಆಮೇಲೆ ಅದು ಅಭ್ಯಾಸವಾಯಿತು. ಹಲ್ಲುಜ್ಜಿ, ಒಲೆಯ ಮೇಲೆ ನೀರಿಟ್ಟು, ಅದು ಕುದಿಯುವುದರೊಳಗೆ ಕೇಳಿ ಬರುತ್ತಿದ್ದೆ. ಅಳುತ್ತಿರಲಿಲ್ಲ. ಇದ್ದಾನೆ ಎಂದು ತಿಳಿದುಕೊಂಡು ಬಂದ ಹಾಗೆ, ಪಕ್ಕದ ಕೋಣೆಯಲ್ಲಿ ಮಲಗಿದ್ದವರನ್ನು ಬಾಗಿಲ ಸಂದಿನಿಂದ ನೋಡಿ ಬರುತ್ತಾರಲ್ಲ, ಅಷ್ಟು.

ಅತ್ತೆ ಇದನ್ನು ಗಮನಿಸಿದ್ದರು. ದಿನಾ ಬೆಳಿಗ್ಗೆ ಅಲ್ಲಿ ಹೋಗಿ ಏನು ನೋಡುತ್ತೀಯ ಎಂದು ಒಮ್ಮೆ ಕೇಳಿದರು. ಹೇಳಿದೆ.

“ಅವನ ಬೆರಳು ಅದರೊಳಗಿದೆಯಾ?”

“ಗುರುತು ಇದೆ ಅತ್ತೆ.”

“ತೋರಿಸು.”

ತೋರಿಸಲು ಆಗುವುದಿಲ್ಲ, ಅದು ಯಾರಿಗೂ ತೋರಿಸುವುದಿಲ್ಲ ಎಂದು ವಿವರಿಸಿದೆ. ಅತ್ತೆ ಕೇಳಿಸಿಕೊಂಡರು. ಬಟ್ಟೆಯ ಅಳತೆ ಕೇಳುವಾಗ ಮಾಡುವ ಹಾಗೆ ತಲೆ ಒಂದು ಕಡೆ ವಾಲಿಸಿ ನಿಂತಿದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ತಮ್ಮ ತೋರುಬೆರಳನ್ನು ಸೆನ್ಸರಿನ ಮೇಲೆ ಇಟ್ಟರು. ಪರದೆಯ ಮೇಲೆ ‘ಮತ್ತೆ ಇಡಿ’ ಎಂದು ಬಂತು. ಮತ್ತೆ ಇಟ್ಟರು. ಆಮೇಲೆ ಮಧ್ಯದ ಬೆರಳು, ಉಂಗುರದ ಬೆರಳು, ಎಡಗೈ.

ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಹೊಟ್ಟೆಯಲ್ಲಿ ಹುಟ್ಟಿದ ಮಗ, ಎಲ್ಲೋ ಒಂದು ಗೆರೆಯಾದರೂ ತನ್ನದು ಹೋಗಿರುತ್ತದೆ, ಸರಿಯಾದ ಬೆರಳು ಸಿಕ್ಕರೆ ಅದು ಒಪ್ಪಿಕೊಳ್ಳಬಹುದು ಎಂದು. ಬೆರಳ ಗೆರೆ ಹಾಗೆ ತಾಯಿಯಿಂದ ಮಗನಿಗೆ ಹೋಗುವುದಿಲ್ಲ ಎಂದು ನನಗೆ ಗೊತ್ತು. ಹೇಳಲಿಲ್ಲ. ಅವರೂ ದಿನಾ ಬರತೊಡಗಿದರು. ಹೊಲಿಗೆಗೆ ಕೂರುವ ಮುಂಚೆ ಒಂದೆರಡು ಬೆರಳು ಇಟ್ಟು ನೋಡುವುದು. ತೋರುಬೆರಳಷ್ಟು ಸವೆಯದ ಬೆರಳುಗಳಿಗೆ ಹೆಚ್ಚಿನ ದಿನ ‘ಅಲ್ಲ’ ಎಂದು ಬರುತ್ತಿತ್ತು. ‘ಮತ್ತೆ ಇಡಿ’ ಎಂದು ಬಂದ ದಿನ ಅವರ ಮುಖ ಸ್ವಲ್ಪ ಅರಳುತ್ತಿತ್ತು.

“ನೋಡಮ್ಮ, ಇವತ್ತು ಇಲ್ಲ ಅನ್ನಲಿಲ್ಲ. ಅದಕ್ಕೂ ಏನೋ ಅನುಮಾನ ಬಂದಿದೆ.”

ಹೀಗಿರುವಾಗ ಕೊಕ್ಕರೆಯ ಸಂದೇಶ ಬಂತು.

ಕೊಕ್ಕರೆ ಎಂದರೆ ಈ ಬೆರಳಚ್ಚಿನ ತಂತ್ರಾಂಶವನ್ನು ಒಟ್ಟಾರೆ ನೋಡಿಕೊಳ್ಳುವ ಹೆಂಗಸು. ಯಾವುದೋ ದೂರದ ದೇಶದವರು. ನಾವು ಅವರ ಮುಖ ನೋಡಿಲ್ಲ. ಅವರ ಚಿತ್ರವಿರಬೇಕಾದ ಜಾಗದಲ್ಲಿ ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆ ಇತ್ತು, ಅದಕ್ಕೆ ಮನೆಯಲ್ಲಿ ಆ ಹೆಸರು. ಯಾರು ಏನು ಬರೆದು ಕಳಿಸಿದರೂ ಅವರು ಸಾಲು ಸಾಲಾಗಿ ಓದಿ, ಒಪ್ಪಿದರೆ ಮಾತ್ರ ಅದು ಎಲ್ಲರ ಕಂಪ್ಯೂಟರಿಗೂ ಹೋಗುವುದು. ಇವನ ಡ್ರೈವರನ್ನು ಅವರು ಎಷ್ಟೋ ಸಲ ತಿರುಗಿಸಿ ಕಳಿಸಿದ್ದರು. ಕೊಕ್ಕರೆ ಕುಕ್ಕಿತು ಎಂದು ಇವನು ಹೇಳಿದರೆ ಆ ರಾತ್ರಿ ಊಟ ಸರಿಯಾಗಿ ಮಾಡುವುದಿಲ್ಲವೆಂದು ನಮಗೆ ಗೊತ್ತಾಗುತ್ತಿತ್ತು.

ಅವರ ಬರಹ ಮೆತ್ತಗಿತ್ತು. ಮೊದಲು ನನ್ನ ಬಗ್ಗೆ ಕೇಳಿದ್ದರು. ಆಮೇಲೆ ವಿಷಯ. ಡ್ರೈವರ್ ಪೂರ್ತಿ ಸರಿಯಿದೆ. ಬೆರಳುಗಳನ್ನು ಅಳಿಸುವ ಭಾಗವನ್ನು ಅವನು ಬರೆದಿದ್ದಾನೆ, ಆದರೆ ಓಡಿಸಿ ತೋರಿಸಿಲ್ಲ. ಅದು ನಿಜವಾದ ಸೆನ್ಸರಿನ ಮೇಲೆ ಓಡಿದ ದಾಖಲೆ ಬೇಕು. ಒಬ್ಬ ಮನುಷ್ಯ ತನ್ನ ಬೆರಳನ್ನು ಯಂತ್ರಕ್ಕೆ ಕೊಟ್ಟರೆ, ವಾಪಸು ತೆಗೆದುಕೊಳ್ಳುವ ದಾರಿಯೂ ಅವನಿಗೆ ಇರಬೇಕು. ಆ ದಾರಿ ಇಲ್ಲದ ಯಾವ ಡ್ರೈವರನ್ನೂ ತಾವು ಒಪ್ಪುವುದಿಲ್ಲ, ಇದು ನಿಯಮ. ಈ ತಿಂಗಳ ಬಿಡುಗಡೆ ತಪ್ಪಿದರೆ ಮುಂದಿನದರ ಹೊತ್ತಿಗೆ ಒಳಗಿನ ರಚನೆಯೇ ಬದಲಾಗುತ್ತದೆ, ಇದನ್ನು ಬುಡದಿಂದ ಬರೆಯಬೇಕಾಗುತ್ತದೆ, ಬರೆಯುವವರು ಯಾರೂ ಇಲ್ಲ. ಆ ಸೆನ್ಸರ್ ಇಟ್ಟುಕೊಂಡು ಡ್ರೈವರ್ ಓಡಿಸಿದವರು ತಮಗೆ ತಿಳಿದಂತೆ ನಾವಿಬ್ಬರೇ.

ಈ ಸೆನ್ಸರಿಗೆ ಒಂದೊಂದೇ ಬೆರಳು ಅಳಿಸಲು ಬರುವುದಿಲ್ಲ. ಅಳಿಸಿದರೆ ಎಲ್ಲ ಹೋಗುತ್ತದೆ. ಅವನ ಕೆಲಸ ಉಳಿಯಬೇಕಾದರೆ ಬೆರಳು ಹೋಗಬೇಕು, ಬೆರಳು ಉಳಿಯಬೇಕಾದರೆ ಕೆಲಸ ಹೋಗಬೇಕು.

ಬೇರೆ ಯಂತ್ರ ಹುಡುಕಿದೆ. ಅವನ ಕಚೇರಿಗೆ ಹೋದೆ. ಅವನು ಹೋದ ಮೇಲೆ ಅವನ್ನೆಲ್ಲ ಗುಜರಿಗೆ ಹಾಕಿ ಹೊಸವು ತಂದಿದ್ದರು; ಅವನ ಕುರ್ಚಿಯಲ್ಲಿ ಬೇರೆಯವನಿದ್ದ, ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ, ನಾನು ಕೂರಲಿಲ್ಲ. ಹೊಸ ಮಾನಿಟರುಗಳಿಗೂ ಚೀಟಿ ಅಂಟಿಸಿದ್ದರು. ಗ್ರಂಥಾಲಯದಲ್ಲಿ ಮೇಲಿನವರ ಅನುಮತಿ ಬೇಕು ಎಂದರು, ಮೇಲಿನವರು ಯಾರು ಎಂದರೆ ಅವರಿಗೇ ಗೊತ್ತಿರಲಿಲ್ಲ.

ಅತ್ತೆಗೆ ಹೇಳಬೇಕಾಯಿತು. ಅವರು ಆಗ ಯಾರದೋ ಕೋಟಿನ ಒಳಬಟ್ಟೆ ಬಿಚ್ಚುತ್ತಿದ್ದರು. ಬಿಚ್ಚುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಆ ಕೆಲಸ ಅವನಿಗೆ ಅಷ್ಟು ಮುಖ್ಯವಾಗಿತ್ತಾ ಎಂದು ಕೇಳಿದರು. ಹೌದು ಎಂದೆ. ಅವರು ಕತ್ತರಿ ಕೆಳಗಿಟ್ಟರು.

“ಎರಡೂ ಉಳಿಯೋ ಹಾಗೆ ಏನಾದರೂ ಮಾಡು. ನೀನು ಓದಿದವಳಲ್ವಾ.”

ನಮ್ಮ ಬೀದಿಯ ಕೊನೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅದರ ಯಜಮಾನನಿಗೆ ಅರೆಜೀವ ಎಂದೇ ಹೆಸರು. ಎಂಥ ಹಾಳಾದ ಯಂತ್ರ ತಂದರೂ ಅವನು ಕಿವಿಯಿಟ್ಟು ಕೇಳಿ, ಇನ್ನೂ ಅರೆಜೀವ ಇದೆ, ಬಿಟ್ಟು ಹೋಗಿ ಎನ್ನುತ್ತಾನೆ. ಆಮೇಲೆ ಅದು ಅಲ್ಲೇ ಇರುತ್ತದೆ. ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬಿಚ್ಚಿದ ಪೆಟ್ಟಿಗೆಗಳು, ತಂತಿಯ ಸುರುಳಿಗಳು, ಫ್ಯಾನುಗಳು. ನಾನು ಗುಂಡಿ, ಸೆನ್ಸರ್, ಬಣ್ಣ ಎಲ್ಲ ವರ್ಣಿಸಿದ ಮೇಲೆ ಅವನು ಹಿಂದಿನ ಗೋಡೆಯ ರಾಶಿಯೊಳಗೆ ಅರ್ಧ ಮೈ ತೂರಿಸಿ ಒಂದು ಪೆಟ್ಟಿಗೆ ಎಳೆದು ತಂದ. ಅದೇ. ನೀರಿನ ಕಚೇರಿಯ ಮುದ್ರೆ ಇನ್ನೂ ಅದರ ಮೇಲಿತ್ತು.

“ಬೋರ್ಡ್ ಸತ್ತಿದೆ ತಾಯಿ, ಅದಕ್ಕೆ ನಾನೂ ಅರೆಜೀವ ಅನ್ನಲ್ಲ. ಕಣ್ಣು ಮಾತ್ರ ಚೆನ್ನಾಗಿದೆ. ನೇತ್ರದಾನ ಅಂದುಕೊಂಡು ತಗೊಂಡು ಹೋಗಿ.”

ಹೇಳಿದ ಮೇಲೆ ಅವನಿಗೆ ನಾನು ಯಾರ ಹೆಂಡತಿ ಎಂದು ನೆನಪಾಯಿತು. ತಲೆ ತಗ್ಗಿಸಿ ಸೆನ್ಸರನ್ನು ಬಿಚ್ಚತೊಡಗಿದ. ಅದನ್ನು ಕಾಗದದಲ್ಲಿ ಸುತ್ತಿ ಕೊಡುವಾಗಲೂ ಮುಖ ಎತ್ತಲಿಲ್ಲ.

ನನಗೆ ಆ ದಿನ ಸಂತೋಷ ಎನ್ನಬಹುದಾದಂಥದು ಏನೋ ಆಗಿತ್ತು. ದಾರಿ ಎಷ್ಟು ಸರಳವಾಗಿತ್ತು. ಅವನ ಬೆರಳಿರುವ ಸೆನ್ಸರನ್ನು ಬಿಚ್ಚಿ ಪಕ್ಕಕ್ಕಿಡುವುದು, ಇದನ್ನು ಹಾಕಿ ಪರೀಕ್ಷೆ ಮಾಡುವುದು, ಆಮೇಲೆ ಅದನ್ನೇ ಮರಳಿ ಹಾಕುವುದು. ಎರಡೂ ಉಳಿಯುತ್ತವೆ. ಅತ್ತೆಗೆ ಹೇಳಿದೆ. ಅವರು ಎದ್ದು ಹೋಗಿ, ಗುಂಡಿಗಳನ್ನು ಇಡುವ ತಗಡಿನ ಡಬ್ಬಿಯೊಂದನ್ನು ಬರಿದು ಮಾಡಿ, ಒಳಗೆ ಹತ್ತಿಬಟ್ಟೆ ಹಾಸಿ ತಂದುಕೊಟ್ಟರು.

ಭಾನುವಾರ ಮಧ್ಯಾಹ್ನ, ಕಿಟಕಿಯ ಬೆಳಕಿನಲ್ಲಿ ಕೆಲಸ ಶುರುಮಾಡಿದೆ. ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದೆ. ಸೆನ್ಸರಿನಿಂದ ಬೋರ್ಡಿಗೆ ಪಟ್ಟಿಯಂಥ ತೆಳು ಕೇಬಲ್ ಇರುತ್ತದೆ. ಅದರ ಕೊಂಡಿಯನ್ನು ಉಗುರಿನಿಂದ ಎತ್ತಿ ಬಿಡಿಸಿದೆ. ಸೆನ್ಸರನ್ನು ಮುಚ್ಚಳಕ್ಕೆ ಅಂಟಿನಿಂದ ಕೂರಿಸಿದ್ದರು. ಜಾರದಂತೆ ಅದರ ಗಾಜಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕಾಯಿತು. ಬಂತು. ಉಗುರಿಗಿಂತ ಸ್ವಲ್ಪ ದೊಡ್ಡದು, ತೂಕವೇ ಇಲ್ಲ. ಡಬ್ಬಿಯಲ್ಲಿಟ್ಟೆ. ಅರೆಜೀವ ಕೊಟ್ಟದ್ದನ್ನು ಅದರ ಜಾಗದಲ್ಲಿ ಕೂರಿಸಿ ಯಂತ್ರ ಹಚ್ಚಿದೆ.

ಕಚೇರಿಯಲ್ಲಿ ಒಮ್ಮೆಯೂ ಕೆಲಸ ಮಾಡಿರದ ಆ ಸೆನ್ಸರನ್ನು ಡ್ರೈವರ್ ತಕ್ಷಣ ಗುರುತಿಸಿತು. ‘ಹೊಸ ಸೆನ್ಸರ್. ಜೋಡಿ ಮಾಡಲಾಗಿದೆ’ ಎಂದು ಒಂದು ಸಾಲು ಬಂತು. ನಾನು ಅದನ್ನು ಓದಿದೆ, ಮುಂದಕ್ಕೆ ಹೋದೆ. ನನ್ನ ಕಿರುಬೆರಳನ್ನು ದಾಖಲಿಸಿದೆ, ಹೋಲಿಸಿ ನೋಡಿದೆ, ಹೌದು ಎಂದಿತು. ಪಟ್ಟಿ ಕೇಳಿದೆ, ಕಿರುಬೆರಳು ಎಂದಿತು. ಅಳಿಸು ಎಂದೆ. ಮತ್ತೆ ಪಟ್ಟಿ ಕೇಳಿದೆ, ಖಾಲಿ. ಅವನು ಬರೆದು ಓಡಿಸದೆ ಬಿಟ್ಟಿದ್ದ ಭಾಗ ಮೊದಲ ಸಲಕ್ಕೇ ಸರಿಯಾಗಿ ಓಡಿತು. ಒಂದು ಅಲ್ಪವಿರಾಮವನ್ನೂ ತಿದ್ದಬೇಕಾಗಲಿಲ್ಲ. ದಾಖಲೆಯನ್ನು ಕೊಕ್ಕರೆಗೆ ಕಳಿಸಿದೆ.

ಆಮೇಲೆ ಅವನ ಸೆನ್ಸರನ್ನು ಮರಳಿ ಹಾಕಿ ಪಟ್ಟಿ ಕೇಳಿದೆ.

‘ಕ್ಷಮಿಸಿ. ಈ ಸೆನ್ಸರ್ ಬೇರೆ ಯಂತ್ರಕ್ಕೆ ಜೋಡಿಯಾಗಿದೆ. ಇಲ್ಲಿ ಬಳಸಬೇಕಾದರೆ ಇದನ್ನು ಪೂರ್ತಿ ಬರಿದು ಮಾಡಬೇಕಾಗುತ್ತದೆ. ಒಳಗಿನ ಎಲ್ಲ ಬೆರಳುಗಳೂ ಹೋಗುತ್ತವೆ. ಮುಂದುವರಿಯಲೇ?’

ಆ ಮಾತು ಅವನದೇ. ಬಳಸುವವರಿಗೆ ಗಾಬರಿಯಾಗಬಾರದು, ನಯವಾಗಿ ಹೇಳಬೇಕು ಎಂದು ಒಂದು ಸಂಜೆಯೆಲ್ಲ ಕೂತು ಆ ಸಾಲುಗಳನ್ನು ಬರೆದಿದ್ದ. ‘ಕ್ಷಮಿಸಿ’ ಬೇಕೋ ಬೇಡವೋ ಎಂದು ನನ್ನನ್ನು ಕೇಳಿದ್ದ.

ಯಂತ್ರ ಬೇರೆಯಾಗಿರಲಿಲ್ಲ, ಅದೇ ಯಂತ್ರ. ಆದರೆ ಸೆನ್ಸರಿಗೂ ಬೋರ್ಡಿಗೂ ನಡುವೆ ಒಂದು ಗುಟ್ಟಿನ ಕೀಲಿ ಇರುತ್ತದೆ. ಮೊದಲ ಸಲ ಸೇರಿದಾಗ ಇಬ್ಬರೂ ಅದನ್ನು ಮಾಡಿಕೊಂಡು ಒಂದೊಂದು ಪಾಲು ಇಟ್ಟುಕೊಳ್ಳುತ್ತಾರೆ. ಆ ಕೀಲಿ ಇಲ್ಲದವರೊಂದಿಗೆ ಸೆನ್ಸರ್ ಮಾತಾಡುವುದಿಲ್ಲ. ಕೋಡ್ ತೆಗೆದು ಓದಿದೆ. ಬೋರ್ಡಿನಲ್ಲಿ ಒಂದೇ ಕೀಲಿಗೆ ಜಾಗ. ಹೊಸ ಸೆನ್ಸರ್ ಬಂದಾಗ ಹೊಸ ಕೀಲಿ ಹಳೆಯದರ ಮೇಲೆಯೇ ಬರೆದುಕೊಂಡಿತ್ತು. ಒಂದು ಯಂತ್ರಕ್ಕೆ ಎರಡು ಸೆನ್ಸರ್ ಯಾರು ಹಾಕುತ್ತಾರೆ ಎಂದು ಅವನಿಗೂ ಅನಿಸಿರಲಿಲ್ಲ, ಕೊಕ್ಕರೆಗೂ ಅನಿಸಿರಲಿಲ್ಲ, ದಿನವೂ ಆ ಕೋಡನ್ನು ಪರೀಕ್ಷೆ ಮಾಡಿದ ನನಗೂ.

ಮೊದಲು ಆ ಕೀಲಿಯನ್ನು ಅವನು ಸಾಮಾನ್ಯ ಫೈಲಿನಲ್ಲಿ ಇಟ್ಟಿದ್ದ. ಹಾಗಿದ್ದಿದ್ದರೆ ಹಿಂದಿನ ಪ್ರತಿ ಎಲ್ಲಾದರೂ ಸಿಗುತ್ತಿತ್ತು. ಯಾರಾದರೂ ನಕಲು ಮಾಡಿಕೊಂಡರೆ ಏನು ಗತಿ, ಬೋರ್ಡಿನೊಳಗೆ ಇಡು, ಅಲ್ಲಿಂದ ಯಾರಿಗೂ ತೆಗೆಯಲು ಬರುವುದಿಲ್ಲ ಎಂದು ಹೇಳಿದವಳು ನಾನು. ಅದು ಸರಿಯಾದ ಸಲಹೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಕೊಕ್ಕರೆಗೆ ಬರೆದೆ. ಏನು ನಡೆಯಿತು, ಒಳಗೆ ಯಾರ ಬೆರಳಿತ್ತು, ಎಲ್ಲ. ಅಲ್ಲಿಯತನಕ ಬೆರಳಿನ ವಿಷಯ ಅವರಿಗೆ ತಿಳಿಸಿರಲಿಲ್ಲ. ಉತ್ತರ ಬಂದಾಗ ರಾತ್ರಿ ತುಂಬ ತಡವಾಗಿತ್ತು. ತಮ್ಮೊಂದಿಗಿದ್ದ ಇಬ್ಬರು ಅನುಭವಿಗಳನ್ನೂ ಕೇಳಿದ್ದರಂತೆ. ದಾರಿಯಿಲ್ಲ. ಗುರುತು ಅದರೊಳಗೆ ಹಾಗೇ ಇದೆ, ಎಲ್ಲೂ ಹೋಗಿಲ್ಲ, ಆದರೆ ಆ ಸೆನ್ಸರ್ ಇನ್ನು ಯಾರೊಂದಿಗೂ ಅದರ ಬಗ್ಗೆ ಮಾತಾಡುವುದಿಲ್ಲ. ಇದೆ ಎಂದು ಕೂಡ ಹೇಳುವುದಿಲ್ಲ. ತಮಗೆ ಮೊದಲೇ ಗೊತ್ತಿದ್ದರೆ ಈ ನಿಯಮದ ಮಾತೇ ಎತ್ತುತ್ತಿರಲಿಲ್ಲ ಎಂದು ಕೊನೆಯಲ್ಲಿ ಬರೆದಿದ್ದರು. ಅದು ನಿಜವಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಳ್ಳೆಯ ಹೆಂಗಸು.

ಸೆನ್ಸರನ್ನು ಮತ್ತೆ ಒತ್ತಿ ಹಿಡಿದು ಬಿಡಿಸಿ ಡಬ್ಬಿಗೆ ಹಾಕಿದೆ. ಹೊಸದನ್ನು ಯಂತ್ರಕ್ಕೆ ಕೂರಿಸಿದೆ.

ಡ್ರೈವರ್ ಸ್ವೀಕಾರವಾದ ಸುದ್ದಿ ಸೋಮವಾರ ಬೆಳಿಗ್ಗೆ ಬಂತು. ಬರೆದವರು ಎಂಬಲ್ಲಿ ಅವನ ಹೆಸರು, ಪರೀಕ್ಷಿಸಿದವರು ಎಂಬಲ್ಲಿ ನನ್ನದು. ಅದನ್ನು ಎರಡು ಸಲ ಓದಿದೆ. ಏನೂ ಅನಿಸಲಿಲ್ಲ. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಹೋಗಿ ಇಳಿಸಿದೆ.

ಅಡುಗೆಮನೆಯಿಂದ ಬರುವಷ್ಟರಲ್ಲಿ ಅತ್ತೆ ಕುರ್ಚಿಯಲ್ಲಿ ಕೂತಾಗಿತ್ತು. ಸೆನ್ಸರ್ ಬದಲಾಗಿರುವುದು ನೋಡಿದರೆ ತಿಳಿಯುವುದಿಲ್ಲ. ಕೆಲಸ ಮುಗಿದು ಎಲ್ಲ ಮರಳಿ ಜಾಗಕ್ಕೆ ಬಂದಿದೆ ಎಂದೇ ಅವರು ತಿಳಿದಿದ್ದರು, ನಾನು ಇಲ್ಲವೆಂದಿರಲಿಲ್ಲ. ಅವರು ಬೆರಳನ್ನು ಒರೆಸಿಕೊಂಡು ಗಾಜಿನ ಮೇಲೆ ಇಟ್ಟರು, ಆಮೇಲೆ ಪರದೆಗೆ ಮುಖ ಹತ್ತಿರ ತಂದು, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದರು.

“ಒಳಗೆ ಯಾವ ಬೆರಳೂ ಇಲ್ಲ.”

ನನ್ನ ಕಡೆ ತಿರುಗಿದರು.

ಹೇಳಿದೆ. ಕೀಲಿ, ಜೋಡಿ ಎಲ್ಲ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಅವರು ನನ್ನನ್ನು ಬಯ್ಯಬಹುದಿತ್ತು. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವರು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

“ಅವನು ಅದರೊಳಗೇ ಇದ್ದಾನೆ ತಾನೆ?”

“ಇದ್ದಾನೆ ಅತ್ತೆ. ಆದರೆ ಅದು ಇನ್ನು ಮಾತಾಡಲ್ಲ.”

“ಮಾತಾಡಿಸೋಕೆ ದಾರಿನೇ ಇಲ್ವಾ?”

“ಬರಿದು ಮಾಡಿದರೆ ಮಾತಾಡುತ್ತೆ.”

ಅವರು ಪರದೆಯ ಕಡೆ ತಿರುಗಿದರು. ಆಮೇಲೆ ಒಂದೇ ಮಾತು ಹೇಳಿದರು, ನನಗಲ್ಲ, ಯಂತ್ರಕ್ಕೆ ಹೇಳುವ ಹಾಗೆ.

“ಅಲ್ಲ ಅಂತಾದರೂ ಅಂತಿತ್ತು ದಿನಾ.”

ಆ ಡಬ್ಬಿ ಕೊಡು ಎಂದರು. ಕೊಟ್ಟೆ. ಅವರು ಅದನ್ನು ತಮ್ಮ ಹೊಲಿಗೆ ಯಂತ್ರದ ಹತ್ತಿರ ಒಯ್ದು, ಸೂಜಿಗೆ ದಾರ ಪೋಣಿಸುವಾಗ ಹಚ್ಚುವ ದೀಪ ಹಚ್ಚಿದರು. ಸೆನ್ಸರನ್ನು ಅಂಚಿನಲ್ಲಿ ಹಿಡಿದು ಎತ್ತಿದರು. ಅದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿದರು, ಬಟ್ಟೆಯಲ್ಲಿ ನೂಲು ಯಾವ ಕಡೆ ಓಡಿದೆ ಎಂದು ನೋಡುವ ಹಾಗೆ. ಆಮೇಲೆ ಮೇಜಿನ ಡ್ರಾಯರಿನಿಂದ ಭೂತಗನ್ನಡಿ ತೆಗೆದರು.

“ಇಲ್ಲಿ ಬಾ.”

ಹೋದೆ. ಕಪ್ಪು ಗಾಜಿನ ಮೇಲೆ, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಂತೆ, ಎಣ್ಣೆ ಅಂಟಿದ ಒಂದು ಬೆರಳಿನ ಗುರುತು ಇತ್ತು. ಗೆರೆಗಳು ಒಂದರ ಪಕ್ಕ ಒಂದು, ಚೊಕ್ಕವಾಗಿ. ನನ್ನ ಹೆಬ್ಬೆರಳು. ನಿನ್ನೆ ಸೆನ್ಸರನ್ನು ಬಿಡಿಸುವಾಗ ಒತ್ತಿ ಹಿಡಿದದ್ದು.

“ಅದು ಯಾರಿಗೂ ತೋರಿಸಲ್ಲ ಅಂದಿದ್ದೆ ನೀನು. ಇಲ್ಲಿ ಕಾಣ್ತಿದೆಯಲ್ಲ. ಇದು ಅವನದೇ ಅಲ್ವಾ?”

ಅವನು ಕೊನೆಯ ಸಲ ಅದನ್ನು ಮುಟ್ಟಿದ ಮೇಲೆ ಎಷ್ಟು ಬೆರಳುಗಳು ಅದರ ಮೇಲೆ ಬಿದ್ದಿವೆ, ಅತ್ತೆಯದೇ ಎಷ್ಟು ಸಲ, ಮುಚ್ಚಳ ಒರೆಸಿದ್ದು ಎಷ್ಟು ಸಲ, ಎಲ್ಲ ನನಗೆ ಗೊತ್ತಿತ್ತು. ಉಸಿರು ಗಾಜಿಗೆ ತಾಗಬಾರದೆಂದು ಅವರು ಮುಖ ಸ್ವಲ್ಪ ಪಕ್ಕಕ್ಕೆ ಮಾಡಿಕೊಂಡಿದ್ದರು.

“ಹೌದು ಅತ್ತೆ” ಎಂದೆ.

ಅವರು ಮತ್ತೆ ಭೂತಗನ್ನಡಿಗೆ ಕಣ್ಣಿಟ್ಟರು. ತುಂಬ ಹೊತ್ತು ನೋಡಿದರು. ಹೊರಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಇನ್ನೊಬ್ಬರು ಬಾ ಬಾ ಎಂದು ದಾರಿ ಹೇಳುತ್ತಿದ್ದರು.

“ನಡುವೆ ಸುಳಿ ನೋಡು, ಎಡಕ್ಕೆ ಹೇಗೆ ವಾಲಿದೆ” ಎಂದರು ಅತ್ತೆ. “ಅವರಪ್ಪನದೂ ಹೀಗೇ ಇತ್ತು.”